ನಡುಮನೆಯ ಸಿಂಹಗಳು

ನಾನು ಚಿಕ್ಕವಳಿದ್ದಾಗ, ಬೆಳಗ್ಗೆ ಎದ್ದು ನೋಡಿದರೆ ನಮ್ಮ ನಡುಮನೆಯಲ್ಲಿ ಗುರುತೇ ಇಲ್ಲದ ಯಾರಾದರೊಬ್ಬರು ಅಂಗಿ ಬಿಚ್ಚಿ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿರುತ್ತಿದ್ದರು. ಅವರ ಕಾಲ ಬಳಿಯಿಂದ ಸುತ್ತಿಕೊಂಡು ನಾನು ಹಲ್ಲುಜ್ಜಲು ಹಿತ್ತಿಲಿಗೆ ಹೋಗುತ್ತಿದ್ದೆ. ಎಲ್ಲರ ಮನೆಯಲ್ಲೂ ಹೀಗೇ ಇರುತ್ತದೆ ಎಂದುಕೊಂಡಿದ್ದೆ. ಶಾಲೆಯ ಗೆಳತಿಯೊಬ್ಬಳ ಮನೆಗೆ ಮೊದಲ ಸಲ ಹೋದಾಗ ಅವರ ನಡುಮನೆ ಖಾಲಿ ಇದ್ದದ್ದನ್ನು ಕಂಡು, "ನಿಮ್ಮನೇಲಿ ಇವತ್ತು ಯಾರೂ ಬಂದಿಲ್ವಾ?" ಎಂದು ಕೇಳಿ ಅವರಮ್ಮನನ್ನು ತಬ್ಬಿಬ್ಬು ಮಾಡಿದ್ದೆ. ಹಾಗೆ ಮಲಗಿರುತ್ತಿದ್ದವರು ನಮ್ಮ ತಾತನ ಹತ್ತಿರ ಸರ್ಪಸುತ್ತು ಬರೆಸಿಕೊಳ್ಳಲು ಬಂದವರು. ಸೊಂಟದ ಸುತ್ತಲೋ ಎದೆಯ ಪಕ್ಕದಲ್ಲೋ ಪಟ್ಟಿಯ ಹಾಗೆ ಗುಳ್ಳೆಗಳೆದ್ದು ಬೆಂಕಿಯಂತೆ ಉರಿಯುವ ಕಾಯಿಲೆ ಅದು. ಹಾವು ಮೈಯನ್ನು ಸುತ್ತುತ್ತಿದೆ, ಅದರ ತಲೆ ಬಾಲ ಒಂದಾಗುವ ಮೊದಲೇ ತಡೆಯಬೇಕು ಎಂದು ನಮ್ಮ ಕಡೆಯವರ ನಂಬಿಕೆ. ತಾತ ಕೆಮ್ಮಣ್ಣನ್ನು ಬೇವಿನ ರಸದಲ್ಲಿ ಕಲಸಿ, ಹುಂಜದ ಪುಕ್ಕವನ್ನು ಅದರಲ್ಲಿ ಅದ್ದಿ, ಗುಳ್ಳೆಗಳ ದಾರಿಗೆ ಎದುರಾಗಿ ಒಂದು ಸಿಂಹ ಬರೆಯುತ್ತಿದ್ದರು. ಬರೆಯುವಷ್ಟು ಹೊತ್ತೂ ತುಟಿ ಅಲ್ಲಾಡುತ್ತಿತ್ತು. ಏನು ಹೇಳುತ್ತಿದ್ದಾರೆಂದು ಯಾರಿಗೂ ಕೇಳಿಸುತ್ತಿರಲಿಲ್ಲ.

ಕೊಡಿಗೇಹಳ್ಳಿಯಲ್ಲಿ ಆಗ ನಮ್ಮ ಮನೆಯಿಂದ ಕೆರೆಯವರೆಗೆ ಅಡ್ಡವಾಗಿ ಯಾವ ಕಟ್ಟಡವೂ ಇರಲಿಲ್ಲ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎಡಕ್ಕೆ ಹೊಗೆ ಹಿಡಿದ ಅಡುಗೆಮನೆ, ಹಿಂದೆ ಚಿಕ್ಕಪ್ಪ ಚಿಕ್ಕಮ್ಮನ ಕೋಣೆ, ಅದನ್ನು ದಾಟಿದರೆ ಬೇವು, ನುಗ್ಗೆ, ಕರಿಬೇವಿನ ಹಿತ್ತಿಲು. ತಾತ ಬೆಳಗ್ಗೆ ತಣ್ಣೀರು ಹುಯ್ದುಕೊಂಡು ಒದ್ದೆ ಪಂಚೆಯಲ್ಲೇ ಬೇವಿನ ಮರದ ಮುಂದೆ ನಿಲ್ಲುತ್ತಿದ್ದರು. ಸುಮ್ಮನೆ ಸೊಪ್ಪು ಕೀಳುವಂತಿರಲಿಲ್ಲ, ಕೇಳಬೇಕಿತ್ತು. "ತಾಯಿ, ಒಂದೀಟು ಕೊಡವ್ವ. ನನಗಲ್ಲ, ಅಗೋ ಒಳಗ್ ಮಲಗವ್ನಲ್ಲ, ಅವನ್ಗೆ" ಎಂದು ಪಕ್ಕದ ಮನೆಯವರ ಹತ್ತಿರ ಮಜ್ಜಿಗೆ ಕೇಳುವ ದನಿಯಲ್ಲೇ ಕೇಳುತ್ತಿದ್ದರು. ಕಿತ್ತ ಮೇಲೆ ಬುಡಕ್ಕೆ ಒಂದು ಚೊಂಬು ನೀರು. ಕೆರೆಯಂಗಳದಿಂದ ಮಣ್ಣು ತರುವಾಗಲೂ ಅಷ್ಟೆ, ಮೊದಲು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಒಂದು ದಿನ ನಾನು ಆ ಹಾವಿಗೆ ಏನೋ ಕೆಟ್ಟ ಮಾತು ಬೈದೆ. ತಾತ ಪುಕ್ಕ ಕೆಳಗಿಟ್ಟರು.

"ಸರ್ಪನ್ನ ಬೈಬಾರ್ದು ಪುಟ್ಟಿ. ದಾರಿ ತಪ್ಪಿ ಬಂದದೆ ಅದು. ದಾರಿ ತೋರ್ಸಿ ಕಳಿಸ್ಬೇಕು."

"ಮತ್ತೆ ಸಿಂಹ ಯಾಕೆ ಬರೀತೀಯ? ಸಾಯ್ಸಕ್ಕಲ್ವಾ?"

"ಇಲ್ಲ ಕಣೇ. ಈ ಕಡೆ ದಾರಿ ಇಲ್ಲ, ಇಂದಕ್ ಓಗು ಅಂತ ಏಳಕ್ಕೆ."

"ತಾತ, ಇದು ಸಿಂಹ ಅಲ್ಲ. ಬೆಕ್ಕು."

ಮಲಗಿದ್ದವನು ನೋವಿನಲ್ಲೂ ಕಿಸಕ್ಕೆಂದ. ತಾತನ ಸಿಂಹಗಳು ನಿಜಕ್ಕೂ ಬೆಕ್ಕಿನ ಹಾಗೇ ಇರುತ್ತಿದ್ದವು, ಬಾಲವೊಂದು ಉದ್ದ. ಅವರಿಗೆ ಅದರ ಬಗ್ಗೆ ಕಿಂಚಿತ್ತೂ ಬೇಸರವಿರಲಿಲ್ಲ. ಹಾವಿಗೆ ಗೊತ್ತಾದರೆ ಸಾಕು, ನಿನಗೆ ಗೊತ್ತಾಗಬೇಕಿಲ್ಲ ಎಂದು ಮತ್ತೆ ಪುಕ್ಕ ಎತ್ತಿಕೊಂಡರು. ಗುಳ್ಳೆ ಕಣ್ಣಿನ ಹತ್ತಿರ ಬಂದವರನ್ನು ಮಾತ್ರ ಅವರು ಚಾಪೆಯ ಮೇಲೆ ಕೂರಿಸುತ್ತಲೇ ಇರಲಿಲ್ಲ. ಅಪ್ಪನ ಟೆಂಪೋ ಮನೆಯ ಮುಂದಿದ್ದರೆ ಅದರಲ್ಲೇ ಹತ್ತಿಸಿ ಆಸ್ಪತ್ರೆಗೆ ಕಳಿಸುತ್ತಿದ್ದರು. ಅವರಿಗೆ ಕಲಿಸಿದ, ಹತ್ತಿರದ ಸಿಂಗಾಪುರ ಹಳ್ಳಿಯ ಹಿರಿಯರು ಹಾಕಿಕೊಟ್ಟ ಕಟ್ಟುಪಾಡುಗಳಲ್ಲಿ ಅದೂ ಒಂದು.

ಕಟ್ಟುಪಾಡುಗಳು ತಾತನವು, ಅವನ್ನು ಅನುಭವಿಸುವವರು ಮನೆಯವರೆಲ್ಲ. ಬಂದವರಿಗೆ ಬರೆದು ಮುಗಿಯುವ ತನಕ ಒಲೆಯ ಮೇಲಿನ ಪಾತ್ರೆಯಿಂದ ಯಾರೂ ಬಡಿಸಿಕೊಳ್ಳುವಂತಿರಲಿಲ್ಲ. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ನಾನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಸಿಂಹದ ಬಾಲ ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದೆ. ಇನ್ನೊಂದು, ಚಾಪೆಯ ಮೇಲೆ ಜನ ಇರುವಾಗ ಮನೆಯೊಳಗೆ ಯಾರೂ ಸಿಟ್ಟಿನಲ್ಲಿರಬಾರದು. ಸಿಟ್ಟಿದ್ದ ಮನೆಯಲ್ಲಿ ಬರೆದ ಮಣ್ಣು ಮೈಗೆ ಕಚ್ಚುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ನಮ್ಮ ಮನೆಯ ಜಗಳಗಳೆಲ್ಲ ಹಿತ್ತಿಲಿನ ನುಗ್ಗೆಮರದ ಕೆಳಗೆ ನಡೆಯುತ್ತಿದ್ದವು. ಅಪ್ಪ ಅಮ್ಮ ಒಳಗೆ ಮಾತು ಶುರು ಮಾಡಿ, ದನಿ ಏರುತ್ತಿದ್ದಂತೆ ತಾವಾಗಿಯೇ ಎದ್ದು ಸಾಲಾಗಿ ಹಿಂದಕ್ಕೆ ನಡೆಯುತ್ತಿದ್ದರು. ಅಷ್ಟು ದೂರ ನಡೆಯುವಷ್ಟರಲ್ಲಿ ಅರ್ಧ ಸಿಟ್ಟು ಇಳಿದುಹೋಗಿ, ಒಂದೊಂದು ಸಲ ಇಬ್ಬರೂ ನುಗ್ಗೆಕಾಯಿ ಕಿತ್ತುಕೊಂಡು ಬಂದದ್ದೂ ಉಂಟು.

ಅಮ್ಮ ಯಶವಂತಪುರದವಳು. ರೈಲ್ವೆ ಕೆಲಸದವರ ಸಾಲು ಮನೆಗಳಲ್ಲಿ, ನಲ್ಲಿ ನೀರು, ರೇಡಿಯೋ, ಭಾನುವಾರದ ಸಿನಿಮಾ ಎಲ್ಲ ನೋಡಿಕೊಂಡು ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ನಡುಮನೆಯಲ್ಲಿ ಯಾರ್ಯಾರೋ ಮಲಗುವುದು ಅವಳಿಗೆ ಸಹಿಸಲಾಗದ ಸಂಗತಿಯಾಗಿತ್ತಂತೆ. "ಇದೇನ್ ಮನೆನೋ ಧರ್ಮಾಸ್ಪತ್ರೆನೋ" ಎಂದು ಅಪ್ಪನ ಹತ್ತಿರ ನುಗ್ಗೆಮರದ ಕೆಳಗೆ ಎಷ್ಟೋ ಸಲ ಕೇಳಿದ್ದಾಳೆ. ಅಪ್ಪ ಯಾವುದಕ್ಕೂ ತಲೆ ಕೊಡುವ ಜಾತಿಯಲ್ಲ. ಟೆಂಪೋ, ಬೀಡಿ, ಹೋಟೆಲಿನ ತಿಂಡಿ, ಇಷ್ಟು ಸಿಕ್ಕರೆ ಅವರ ದಿನ ಚೆನ್ನಾಗಿ ಹೋಗುತ್ತಿತ್ತು. ಈ ವಿದ್ಯೆ ನನ್ನ ಕೈಲಾಗಲ್ಲಪ್ಪ ಎಂದು ಅವರು ಮೊದಲೇ ತಾತನಿಗೆ ಹೇಳಿ ಕೈತೊಳೆದುಕೊಂಡಿದ್ದರು. ಹಾಗಾಗಿ ಅದು ಚಿಕ್ಕಪ್ಪನಿಗೇ ಬರುತ್ತದೆ ಎಂದು ಊರಿಗೆ ಊರೇ ತಿಳಿದಿತ್ತು. ನಂಜಪ್ಪ ಚಿಕ್ಕಪ್ಪ ಫ್ಯಾಕ್ಟರಿಗೆ ಹೋಗುವ ಮುಂಚೆ ತಾತನ ಪಕ್ಕದಲ್ಲಿ ಮಣ್ಣಿನ ಬಟ್ಟಲು ಹಿಡಿದು ಕೂರುತ್ತಿದ್ದರು. ಹಬ್ಬದಲ್ಲಿ ಎಲ್ಲರೂ ಬಾಡೂಟಕ್ಕೆ ಕೂತರೆ ಅವರೊಬ್ಬರು ಮುದ್ದೆಗೆ ಸೊಪ್ಪಿನ ಸಾರು ಹಾಕಿಸಿಕೊಳ್ಳುತ್ತಿದ್ದರು. ವಿದ್ಯೆ ಬರುವವರ ಮೈ ಶುದ್ಧವಾಗಿರಬೇಕು ಎಂದು ಅವರೇ ಹಾಕಿಕೊಂಡ ನೇಮ. ಅದನ್ನು ನೋಡಿ ನಗುತ್ತಿದ್ದ ಚಿಕ್ಕಮ್ಮನ ಮೇಲೆ ಅವರು ಒಂದು ದಿನವೂ ರೇಗಿದವರಲ್ಲ.

ಒಂದು ಬೆಳಗ್ಗೆ ಹುಣಸಮಾರನಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಅಮ್ಮನ ವಯಸ್ಸಿನವಳೇ. ತಾತನ ಮುಂದೆ ಕೂತು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು, ತೋಳು ನೋವು ಎಂದಳು. ತಾತ ತೋಳು ನೋಡಿದರು, ಏನೂ ಇರಲಿಲ್ಲ. ಹರಳೆಣ್ಣೆ ಹಚ್ಚಿ ನೀವಿ ಕಳಿಸಿದರು. ಅವಳು ಎದ್ದು ನಿಂತಾಗ ಒಂದು ಕ್ಷಣ ಹಲ್ಲು ಕಚ್ಚಿಕೊಂಡದ್ದನ್ನು, ರವಿಕೆ ಮೈಗೆ ತಾಗದಂತೆ ಬೆನ್ನು ಬಾಗಿಸಿಕೊಂಡು ನಡೆದದ್ದನ್ನು ಅಮ್ಮ ಅಡುಗೆಮನೆಯಿಂದ ನೋಡಿದಳು. ಸೌಟು ಹಾಗೇ ಬಿಟ್ಟು ಹಿಂದೆಯೇ ಹೋದಳು. ಬೀದಿಯ ಬೋರ್‌ವೆಲ್ ಹತ್ತಿರ ಅವಳನ್ನು ನಿಲ್ಲಿಸಿ ಏನು ಮಾತಾಡಿದಳೋ, ಸ್ವಲ್ಪ ಹೊತ್ತಿಗೆ ಕೈ ಹಿಡಿದುಕೊಂಡು ವಾಪಸ್ ಕರೆತಂದಳು. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ತಾನೊಬ್ಬಳೇ ತಾತನ ಮುಂದೆ ಬಂದು ನಿಂತಳು.

"ಮಾವ, ಆಯಮ್ಮಂಗೆ ಎದೆ ಕೆಳಗೆ ಸರ್ಪಸುತ್ತಾಗಿದೆ. ನಿಮ್ ಮುಂದೆ ಹೇಳಕ್ಕೆ ನಾಚ್ಕೊಂಡು ತೋಳು ನೋವು ಅಂದ್ರು."

ತಾತ ಅಡುಗೆಮನೆಯ ಕಡೆ ತಿರುಗಿದರು.

"ಇವ್ರೊಬ್ರೇ ಅಲ್ಲ ಮಾವ. ತೋಳು ನೋವು, ಬೆನ್ನು ನೋವು ಅಂದ್ಕೊಂಡು ಬರೋ ಹೆಂಗಸ್ರು ಎಷ್ಟ್ ಜನ ಹಿಂಗೇ ಹೋಗಿದಾರೋ."

ಆ ಮಾತು ಕೇಳಿದಾಗ ತಾತನ ಮುಖ ಹೇಗಾಯಿತೆಂಬುದು ನನಗೆ ಇವತ್ತಿಗೂ ನೆನಪಿದೆ. ಬೈಸಿಕೊಂಡ ಮಗುವಿನ ಮುಖದ ಹಾಗೆ. ಬಾಗಿಲಿಗೆ ಬಂದ ಯಾರನ್ನೂ ಹಾಗೇ ಕಳಿಸಬಾರದು ಎಂಬುದು ಅವರ ಎಲ್ಲ ಕಟ್ಟುಪಾಡುಗಳಿಗಿಂತ ದೊಡ್ಡದು, ಅದನ್ನು ಒಂದು ದಿನವೂ ಮುರಿದಿಲ್ಲ ಎಂದು ಅವರು ನೆಮ್ಮದಿಯಾಗಿದ್ದವರು. ಮಣ್ಣಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಅಮ್ಮನಿಗೆ ಒಂದು ಹಳೆಯ ಸೀರೆ ತರಲು ಹೇಳಿದರು. ಅಪ್ಪ ಅದನ್ನು ನಡುಮನೆಗೆ ಅಡ್ಡವಾಗಿ ಗೋಡೆಯಿಂದ ಗೋಡೆಗೆ ಕಟ್ಟಿ ಹೊರಗೆ ಹೋದರು. ಪರದೆಯ ಆಚೆ ಆ ಹೆಂಗಸು ಮಲಗಿದಳು, ಪಕ್ಕದಲ್ಲಿ ಅಮ್ಮ ಪುಕ್ಕ ಹಿಡಿದು ಕೂತಳು. ಈಚೆ ತಾತ ಕಣ್ಣುಮುಚ್ಚಿ ಮಂತ್ರ ಹೇಳುತ್ತ, ನಡುನಡುವೆ ನಿಲ್ಲಿಸಿ, ತಲೆ ಮೊದಲು ಬರಿ, ಬಾಯಿ ಗುಳ್ಳೆ ಕಡೆಗಿರಲಿ, ಕೈ ಎತ್ತಬೇಡ ಎನ್ನುತ್ತಿದ್ದರು. ಅಮ್ಮ ಒಂದು ಸಲ "ಮಾವ, ಕಾಲು ಎಲ್ ಬರೀಲಿ, ಜಾಗಾನೇ ಇಲ್ಲ" ಎಂದಳು. "ಮೂರ್ ಕಾಲಿನ್ ಸಿಮ್ಮನೂ ಸಿಮ್ಮನೇ, ಬಿಡು" ಎಂದರು ತಾತ. ಪರದೆಯ ಆಚೆಯಿಂದ ಆ ಹೆಂಗಸು ನಕ್ಕದ್ದು ಕೇಳಿಸಿತು. ಹೋಗುವಾಗ ಬೆನ್ನು ನೆಟ್ಟಗಾಗಿರಲಿಲ್ಲ, ಆದರೆ ಮುಖ ಸಡಿಲಾಗಿತ್ತು. ನಾನು ಮುಂದೆ ನರ್ಸ್ ಆದೆ, ಹೆಬ್ಬಾಳದ ಕಡೆಯ ಆಸ್ಪತ್ರೆಯಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಬಂದವರು ಬಾಯಲ್ಲಿ ಏನು ಹೇಳುತ್ತಾರೋ ಅದನ್ನು ಬರೆದುಕೊಂಡ ಮೇಲೂ ಅವರು ಹೇಗೆ ಎದ್ದು ಹೋಗುತ್ತಾರೆ ಎಂದು ಬಾಗಿಲವರೆಗೆ ನೋಡುವ ಅಭ್ಯಾಸ ನನಗೆ ಯಾವ ತರಗತಿಯಲ್ಲೂ ಬಂದದ್ದಲ್ಲ, ಆ ದಿನ ಅಡುಗೆಮನೆಯ ಹೊಸ್ತಿಲಲ್ಲಿ ಬಂದದ್ದು.

ಆ ಹೆಂಗಸು ಊರಿಗೆ ಹೋಗಿ ಹೇಳಿರಬೇಕು. ಆಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಸೀರೆಯನ್ನು ಬಿಚ್ಚುವುದು ಯಾಕೆಂದು ಅಪ್ಪ ಅದಕ್ಕೊಂದು ತಂತಿ ಎಳೆದು ಕಾಯಂ ಪರದೆ ಮಾಡಿಕೊಟ್ಟರು. ಅಷ್ಟರಲ್ಲಿ ತಾತನ ಕೈ ಸಣ್ಣಗೆ ನಡುಗಲು ಶುರುವಾಗಿತ್ತು, ಸಿಂಹಗಳ ಬಾಲ ಅಲೆಅಲೆಯಾಗಿ ಬರುತ್ತಿತ್ತು. ವಿದ್ಯೆ ಕೊಡುವ ಹೊತ್ತು ಬಂತೆಂದು ಎಲ್ಲರಿಗೂ ಅನ್ನಿಸಿತ್ತು. ಅದನ್ನು ಗ್ರಹಣದ ಹೊತ್ತಿನಲ್ಲಿ, ಕೆರೆಯ ನೀರಿನಲ್ಲಿ ನಿಂತು ಕೊಡಬೇಕು. ಒಬ್ಬರಿಗೆ ಮಾತ್ರ ಕೊಡಬೇಕು. ಕೊಟ್ಟ ಮೇಲೆ ಕೊಟ್ಟವರ ಬಾಯಲ್ಲಿ ಅದು ಕೆಲಸ ಮಾಡುವುದಿಲ್ಲ. ಒಂದು ಸಂಜೆ ಎಲ್ಲರೂ ಮುದ್ದೆಗೆ ಕೂತಿದ್ದಾಗ ತಾತ ತಟ್ಟೆಯಿಂದ ತಲೆಯೆತ್ತದೆ ಹೇಳಿದರು.

"ಗ್ರಾಣ ಬತ್ತಾ ಅದೆ. ಈ ಸಲ ಕೊಟ್ಬುಡ್ತೀನಿ. ಜಯಮ್ಮನ್ಗೆ."

ಜಯಮ್ಮ ನನ್ನ ಅಮ್ಮ. ಅವಳ ಕೈಯಲ್ಲಿದ್ದ ಸಾರಿನ ಸೌಟು ಹಾಗೇ ನಿಂತಿತು. ಚಿಕ್ಕಪ್ಪ ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ತಾತನನ್ನು ನೋಡಿದರು.

"ನಂದೇನ್ ತಪ್ಪಾಯ್ತಪ್ಪ?"

"ನಿಂದೇನೂ ತಪ್ಪಿಲ್ಲ ಕಣ್ಲಾ."

"ಬಾಡು ಬಿಟ್ಟೆ. ಸಾವಿನ್ ಮನೆ ಊಟ ಬಿಟ್ಟೆ. ಯಾರ್ ಕರದ್ರೂ ಬರಲ್ಲ ಅಂತ ಫ್ಯಾಕ್ಟರೀಲಿ ಆಡ್ಕೊಂಡು ನಗ್ತಾರೆ. ತಪ್ಪಿಲ್ದೇ ಇದ್ರೆ ಮತ್ಯಾಕೆ?"

"ಎಂಗಸ್ರು ವಾಪಸ್ ಓಗವ್ರೆ ಕಣ್ಲಾ ನನ್ ಬಾಗ್ಲಿಂದ. ಉರೀನ ಸೆರಗ್ನಾಗ್ ಮುಚ್ಕೊಂಡು. ನೀನ್ ಕೂತ್ರೂ ಅಂಗೇ ಓಯ್ತಾರೆ."

"ಮಾವ, ನಂಗೆ ಬೇಡ" ಎಂದಳು ಅಮ್ಮ. "ನಂಜಪ್ಪ ಇಷ್ಟ್ ಆಸೆ ಇಟ್ಕೊಂಡಿದಾರೆ. ಅಲ್ದೆ ತಿಂಗಳಿಗೊಂದ್ಸಲ ನಾನು ದೂರ ಕೂರೋಳು. ಇದನ್ನೆಲ್ಲ ಮುಟ್ಟಬಹುದಾ?"

"ಅದನ್ನ ನಾನ್ ಏಳಾಕಾಗಲ್ಲ. ಊರಮ್ಮನ್ ಕೇಳಾನ."

ಮರುದಿನ ಎಲ್ಲರೂ ಊರಮ್ಮನ ಗುಡಿಗೆ ಹೋದೆವು. ದೇವಿಯ ಎರಡು ಭುಜದ ಮೇಲೂ ಒದ್ದೆ ಸೇವಂತಿಗೆ ಅಂಟಿಸಿ, ಪ್ರಶ್ನೆ ಕೇಳಿ, ಕಾಯುವುದು ನಮ್ಮ ಕಡೆಯ ಪದ್ಧತಿ. ಬಲಗಡೆಯ ಹೂ ಬಿದ್ದರೆ ಅಪ್ಪಣೆ ಆದಂತೆ. ತಾತ ಗಟ್ಟಿಯಾಗಿ ಕೇಳಿದರು: ಸೊಸೆಗೆ ಕೊಡಲೋ? ಬಹಳ ಹೊತ್ತು ಏನೂ ಆಗಲಿಲ್ಲ. ಪೂಜಾರಿ ಆಕಳಿಸಿದ. ಆಮೇಲೆ ಬಲಗಡೆಯ ಹೂ ಮೆಲ್ಲಗೆ ಜಾರಿತು. ಜಾರಿ ನೆಲಕ್ಕೆ ಬೀಳುವ ಬದಲು ದೇವಿಯ ಹಾರಕ್ಕೆ ಸಿಕ್ಕಿಕೊಂಡು ನೇತಾಡಿತು. ತಾತ ಕೈಮುಗಿದು "ಕೊಟ್ಲು ತಾಯಿ" ಎಂದರು. ಚಿಕ್ಕಪ್ಪ "ಬಿದ್ದಿಲ್ಲ, ನೋಡಿ, ಬಿದ್ದಿಲ್ಲ" ಎಂದರು. ಇಬ್ಬರೂ ಪೂಜಾರಿಯ ಮುಖ ನೋಡಿದರು. ಅವನು ಎರಡೂ ಕಡೆಯವರು ಮಂಗಳಾರತಿ ತಟ್ಟೆಗೆ ಹಾಕುವ ಕಾಸನ್ನು ನೆನೆದು, "ಅರ್ಧ ಕೊಟ್ಟವ್ಳೆ" ಎಂದುಬಿಟ್ಟ. ತಾತನಿಗೆ ಅಷ್ಟೇ ಸಾಕಾಯಿತು. ಚಿಕ್ಕಪ್ಪ ಪ್ರಸಾದ ತೆಗೆದುಕೊಳ್ಳದೆ ಒಬ್ಬರೇ ನಡೆದು ಮನೆಗೆ ಹೋದರು.

ಸೂರ್ಯಗ್ರಹಣದ ದಿನ ಊರಿನವರೆಲ್ಲ ಬಾಗಿಲು ಹಾಕಿಕೊಂಡು ಒಳಗಿದ್ದರು. ಉಪ್ಪಿನಕಾಯಿ ಜಾಡಿಯ ಮೇಲೂ ನೀರಿನ ಹಂಡೆಯ ಮೇಲೂ ದರ್ಭೆ ಇಟ್ಟಾಗಿತ್ತು. ತಾತ, ಅಮ್ಮ, ಹಿಂದೆ ಟವೆಲ್ ಹಿಡಿದುಕೊಂಡ ಅಪ್ಪ ಖಾಲಿ ಬೀದಿಯಲ್ಲಿ ಕೆರೆಯ ಕಡೆ ನಡೆದು ಹೋದದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಬೆಳಕು ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಹಕ್ಕಿಗಳು ಸುಮ್ಮನಾಗಿದ್ದವು. ಅಲ್ಲಿ ಏನಾಯಿತೆಂದು ಅಮ್ಮ ಯಾರಿಗೂ ಪೂರ್ತಿ ಹೇಳಿಲ್ಲ. ಸೊಂಟದ ಮಟ್ಟದ ನೀರಿನಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರಂತೆ, ತಾತ ಅವಳ ಕಿವಿಯಲ್ಲಿ ಹೇಳಿದರಂತೆ, ಏರಿಯ ಮೇಲೆ ಅಪ್ಪ ಬೆನ್ನು ತಿರುಗಿಸಿ ನಿಂತಿದ್ದರಂತೆ. ವಾಪಸ್ ಬಂದಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ಅವಳು ನಗುತ್ತಿದ್ದಳು.

"ಮಧ್ಯದಲ್ಲಿ ಕಾಲಿಗೆ ಮೀನು ಕಚ್ತು ಕಣ್ರೀ. ಎಲ್ಲ ಮರ್ತೇ ಹೋಯ್ತು ಅಂದ್ಕೊಂಡೆ."

ಚಿಕ್ಕಪ್ಪ ನಗಲಿಲ್ಲ. ಆ ವಾರವೇ ಹಿಂದಿನ ಕೋಣೆಯಲ್ಲಿ ಒಂದು ಸೀಮೆಎಣ್ಣೆ ಸ್ಟೋವ್ ಹಚ್ಚಿಸಿದರು. ಮನೆ ಎರಡಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಸಾರಿನ ವಾಸನೆ ಎರಡಾಯಿತು ಅಷ್ಟೆ. ಅವರು ತಾತನ ಹತ್ತಿರ ಬೇಕಾದಷ್ಟು ಮಾತಾಡುತ್ತಿದ್ದರು, ನನಗೆ ಫ್ಯಾಕ್ಟರಿ ಕ್ಯಾಂಟೀನಿನ ಬಾಳೆಹಣ್ಣು ತಂದುಕೊಡುತ್ತಿದ್ದರು. ಅಮ್ಮ ಎದುರಿಗೆ ಬಂದರೆ ಮಾತ್ರ ಗೋಡೆ ನೋಡುತ್ತಿದ್ದರು. ಅಮ್ಮನೂ ಬಿಗುಮಾನದವಳೇ, ಒಂದು ಸಲ ಮಾತಾಡಿಸಿ ನೋಡಿ ಬಿಟ್ಟಳು. ಚಿಕ್ಕಮ್ಮ ಪಾಪ ಎರಡೂ ಕಡೆಯವಳು. ಚಿಕ್ಕಪ್ಪ ಶಿಫ್ಟಿಗೆ ಹೋದದ್ದೇ ತಟ್ಟೆ ಎತ್ತಿಕೊಂಡು ನಮ್ಮ ಅಡುಗೆಮನೆಗೆ ಬಂದು, "ಅಕ್ಕ, ಒಬ್ಳೇ ಉಣ್ಣಕ್ಕಾಗಲ್ಲ ನಂಗೆ" ಎಂದು ಕೂರುತ್ತಿದ್ದಳು. ಅಮ್ಮ ಬರೆಯುತ್ತಿದ್ದಳು, ಹೆಂಗಸರು ಬರುತ್ತಿದ್ದರು, ಗಂಡಸರೂ ಬರುತ್ತಿದ್ದರು. ತಾತ ಜಗಲಿಯ ಮೇಲೆ ಕೂತು ಒಳಗಿನ ಮಣಮಣ ಕೇಳಿಸಿಕೊಳ್ಳುತ್ತಿದ್ದರು. ಒಮ್ಮೊಮ್ಮೆ ಅವರ ತುಟಿ ಅಲ್ಲಾಡಲು ಶುರುವಾಗಿ, ಏನೋ ನೆನಪಾಗಿ ನಿಂತುಬಿಡುತ್ತಿತ್ತು. ವಿದ್ಯೆ ಕೊಟ್ಟದ್ದಕ್ಕೆ ಅವರು ಕೊರಗುತ್ತಿರಲಿಲ್ಲ. ಮಗನ ಸ್ಟೋವಿನ ಭರ್ರೋ ಸದ್ದು ಬಂದಾಗ ಮಾತ್ರ ಮುಖ ತಗ್ಗಿಸುತ್ತಿದ್ದರು.

ಹೀಗೆ ಒಂದು ಬೇಸಿಗೆ ಕಳೆದ ಮೇಲೆ ಅಪ್ಪ ತಮ್ಮ ಟೆಂಪೋ ಸ್ಟ್ಯಾಂಡಿನ ಗೆಳೆಯನೊಬ್ಬನನ್ನು ಕರೆತಂದರು. ಲಾರಿ ಡ್ರೈವರ್, ಬಾಗಿಲಿಗೆ ತಲೆ ತಾಗುವಂಥ ಆಳು. ಲುಂಗಿಯನ್ನು ಮೈಗೆ ತಾಗದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಒಳಗೆ ಬಂದ. ಅಪ್ಪ ಅವನನ್ನು ಬಿಟ್ಟು ಟೆಂಪೋ ತೊಳೆಯಲು ಹೋದರು. ಅಮ್ಮ ಬಟ್ಟಲು ಹಿಡಿದು ಬಂದು "ಎಲ್ಲಾಗಿದೆಯಣ್ಣ?" ಎಂದಳು. ಅವನು ಅವಳನ್ನು ನೋಡಿದ, ಪುಕ್ಕ ನೋಡಿದ, ಕೆಂಪಗಾದ.

"ಏನಿಲ್ಲಮ್ಮ. ಸುಮ್ನೆ ಬಂದಿದ್ದೆ. ಒಂದ್ ಲೋಟ ನೀರ್ ಕೊಡಿ."

ನೀರು ಕುಡಿದು, ಕಾಲು ಅಗಲಿಸಿಕೊಂಡು ಬಾಗಿಲ ಕಡೆ ನಡೆದ. ಅಮ್ಮ ಅವನ ಬೆನ್ನನ್ನೇ ನೋಡುತ್ತ ನಿಂತಳು. ಆಮೇಲೆ ಬಟ್ಟಲು ಕೆಳಗಿಡದೆ, ಸ್ಟೋವ್ ಬಂದ ಮೇಲೆ ಒಮ್ಮೆಯೂ ಕಾಲಿಡದಿದ್ದ ಹಿಂದಿನ ಕೋಣೆಯ ಬಾಗಿಲಿಗೆ ನೇರವಾಗಿ ಹೋದಳು. ನಾನು ಅವಳ ಸೆರಗು ಹಿಡಿದು ಹಿಂದೆಯೇ ಇದ್ದೆ. ಚಿಕ್ಕಪ್ಪ ಮಂಚದ ಮೇಲೆ ಕೂತು ಫ್ಯಾಕ್ಟರಿಯ ಶೂ ಹಾಕಿಕೊಳ್ಳುತ್ತಿದ್ದರು.

"ನಂಜಪ್ಪ, ಅಲ್ಲೊಬ್ರು ತೊಡೆ ತೋರ್ಸಕ್ಕೆ ನಾಚ್ಕೊಂಡು ವಾಪಸ್ ಹೋಗ್ತಿದಾರೆ. ನೀವ್ ಬಂದು ಬರೀರಿ. ನಾನು ಪರದೆ ಈಚೆ ಕೂತು ಹೇಳ್ತೀನಿ."

ಚಿಕ್ಕಪ್ಪ ಲೇಸ್ ಕಟ್ಟುತ್ತಲೇ ಇದ್ದರು. "ನಂಗ್ಯಾಕತ್ತಿಗೆ. ವಿದ್ಯೆ ನಿಮ್ದು."

"ಮಾತು ನಂದು. ಕೈ ಯಾರ್ದಾದ್ರೇನು? ಅವತ್ತು ಮಾವ ಹೇಳಿ ನಾನ್ ಬರೀಲಿಲ್ವಾ? ಆ ಮನುಷ್ಯ ಈಗ ಹೋದ್ರೆ ಇನ್ ಬರಲ್ಲ. ಗಂಡಸ್ರು ಎಷ್ಟ್ ಜನ ಹಿಂಗೇ ಹೋಗ್ತಿದಾರೋ, ನಾನ್ ನೋಡ್ಲಿಲ್ಲ ನೋಡಿ."

ಚಿಕ್ಕಪ್ಪ ಇನ್ನೊಂದು ಶೂವಿನ ಲೇಸಿಗೆ ಕೈಹಾಕಿದರು. ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಚಿಕ್ಕಮ್ಮ ಮೊರ ಕುಕ್ಕಿದಳು.

"ಓಗ್ರೀ ಸುಮ್ನೆ! ದಿನಾ ಊಟ ಆದ್ಮ್ಯಾಲೆ ನೀರಲ್ ಬೆರಳದ್ದಿ ನೆಲದ್ ಮ್ಯಾಲೆ ಸಿಮ್ಮ ಗೀಚ್ತೀರ. ಒರೆಸಿ ಒರೆಸಿ ನನ್ ಕೈ ಬಿದ್ದೋಯ್ತು."

ಚಿಕ್ಕಪ್ಪ ತಲೆ ತಗ್ಗಿಸಿದರು. ಅವರ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಆಮೇಲೆ ಕಟ್ಟಿದ್ದ ಲೇಸನ್ನು ಒಂದೊಂದಾಗಿ ಬಿಚ್ಚಿ, ಶೂ ಮಂಚದ ಕೆಳಗೆ ತಳ್ಳಿ, ಬರಿಗಾಲಲ್ಲೇ ಬೀದಿಗೆ ಓಡಿದರು. ಡ್ರೈವರನನ್ನು ಬೋರ್‌ವೆಲ್ ಹತ್ತಿರ ಹಿಡಿದು, ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಬಂದರು. ಫ್ಯಾಕ್ಟರಿ ಬಸ್ಸು ಹಾರ್ನ್ ಹೊಡೆದು ಹೊಡೆದು ಹೊರಟುಹೋಯಿತು. ಪರದೆ ಎಳೆದಾಯಿತು. ಆಚೆ ಆ ಆಳು ಮಲಗಿದ, ಚಿಕ್ಕಪ್ಪ ಪುಕ್ಕ ಹಿಡಿದರು. ಈಚೆ ಅಮ್ಮ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣುಮುಚ್ಚಿ, ತುಟಿ ಅಲ್ಲಾಡಿಸಿದಳು. ಬಹಳ ಹೊತ್ತಾಯಿತು. ಅಮ್ಮನ ಮಾತು ಒಂದು ಸುತ್ತು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ಜಗಲಿಯಲ್ಲಿದ್ದ ತಾತನಿಗೆ ತಡೆಯಲಾಗಲಿಲ್ಲ, ಎದ್ದು ಬಂದು ಪರದೆಯ ಅಂಚು ಸರಿಸಿ ಬಗ್ಗಿ ನೋಡಿದರು. ಡ್ರೈವರನ ತೊಡೆಯ ಮೇಲೆ ಕೇಸರ ಕೆದರಿಕೊಂಡ, ಮೀಸೆ ಇದ್ದ, ಉಗುರು ಉಗುರಿಗೂ ಗೆರೆ ಇದ್ದ ಸಿಂಹವೊಂದು ಗುಳ್ಳೆಗಳ ಕಡೆ ಬಾಯಿ ತೆರೆದು ನಿಂತಿತ್ತು.

"ಅಬ್ಬಬ್ಬಬ್ಬಾ" ಎಂದರು ತಾತ. "ಇದು ಸಿಮ್ಮ ಕಣ್ಲಾ. ನಾನ್ ಇಷ್ಟು ವರ್ಸ ಬರದಿದ್ದು ಬೆಕ್ಕೇಯ."

"ಅರ್ಧ ಕೊಟ್ಟವ್ಳೆ ಅಂದಿದ್ನಲ್ಲ ಪೂಜಾರಿ, ಇದ್ಕೇ ಇರ್ಬೇಕು" ಎಂದು ಚಿಕ್ಕಮ್ಮ ಬಾಗಿಲಲ್ಲಿ ನಿಂತು ಹೇಳಿದಳು. ಚಿಕ್ಕಪ್ಪನಿಗೆ ನಗು ತಡೆಯಲಾಗಲಿಲ್ಲ. ಅಮ್ಮ ಕಣ್ಣು ತೆರೆಯಲಿಲ್ಲ, ಅವಳ ಮಾತಿನ್ನೂ ಮುಗಿದಿರಲಿಲ್ಲ. ಆದರೆ ಅವಳ ಮುಚ್ಚಿದ ಕಣ್ಣಿನ ಕೆಳಗೆ ಎರಡೂ ಕೆನ್ನೆ ಉಬ್ಬಿದ್ದವು. ಆ ಮಧ್ಯಾಹ್ನ ಸ್ಟೋವ್ ಹಚ್ಚುವ ಮಾತೇ ಬರಲಿಲ್ಲ. ಎಲ್ಲರೂ ಒಂದೇ ಸಾಲಲ್ಲಿ ಕೂತು ಹುರುಳಿಕಾಳಿನ ಸಾರು ಉಂಡೆವು. ಚಿಕ್ಕಪ್ಪ ಎರಡನೇ ಮುದ್ದೆ ಕೇಳಿದರು, ಅಮ್ಮ ಕೇಳದೇ ಇದ್ದಿದ್ದರೂ ಹಾಕುವವಳೇ. ಅಂದಿನಿಂದ ಗಂಡಸರು ಬಂದರೆ ಚಿಕ್ಕಪ್ಪ ಬರೆಯುತ್ತಿದ್ದರು, ಹೆಂಗಸರು ಬಂದರೆ ಅಮ್ಮ. ಮಾತು ಎರಡಕ್ಕೂ ಅಮ್ಮನದೇ. ಚಿಕ್ಕಪ್ಪನ ಸಿಂಹ ನೋಡುವುದಕ್ಕೆಂದೇ ಅಕ್ಕಪಕ್ಕದ ಮಕ್ಕಳು ಪರದೆಯ ಹತ್ತಿರ ಜಮಾಯಿಸಿ ಬೈಸಿಕೊಳ್ಳುತ್ತಿದ್ದರು. ಈಗ ಆ ಜಾಗದಲ್ಲಿ ನಾಲ್ಕು ಮಹಡಿ ಎದ್ದಿದೆ, ಎರಡನೆಯದರಲ್ಲಿ ನಾವು, ಮೂರನೆಯದರಲ್ಲಿ ಚಿಕ್ಕಪ್ಪನವರು. ಇವತ್ತಿಗೂ ಯಾರಾದರೂ ಲಿಫ್ಟಿನಲ್ಲಿ ಬಂದು ಬೆಲ್ ಒತ್ತುತ್ತಾರೆ. ಅಮ್ಮ ಮೊದಲು ಡಾಕ್ಟರ ಹತ್ತಿರ ಹೋಗಿದ್ದೀರಾ ಎಂದು ಕೇಳುತ್ತಾಳೆ. ಹೋಗಿಲ್ಲ ಎಂದರೆ ಆಸ್ಪತ್ರೆಗೆ ಕರೆದೊಯ್ಯಲು ನನ್ನನ್ನು ಕರೆಯುತ್ತಾಳೆ, ಹೋಗಿದ್ದೇವೆ ಎಂದರೆ ಹೆಂಗಸರಿಗೆ ತಾನೇ ಬರೆಯುತ್ತಾಳೆ, ಗಂಡಸರಿಗಾದರೆ ಮೇಲಿಂದ ಚಿಕ್ಕಪ್ಪನನ್ನು ಕರೆಯುತ್ತಾಳೆ.

ತಾತನ ಇನ್ನೊಂದು ಕಟ್ಟುಪಾಡಿನ ವಿಷಯ ಹೇಳುವುದು ಉಳಿದಿದೆ. ಅವರು ಹೊರಗೆ ಎಲ್ಲೂ ತಿನ್ನುತ್ತಿರಲಿಲ್ಲ. ಮಾಡಿದವರು ಯಾವ ಮನಸ್ಸಿನಲ್ಲಿ ಮಾಡಿದರೋ ಗೊತ್ತಿಲ್ಲ, ಅದು ಹೊಟ್ಟೆಗೆ ಹೋದರೆ ಬಾಯಿಯ ಮಾತು ಕೆಡುತ್ತದೆ ಎನ್ನುವುದು ಕಾರಣ. ಮದುವೆ ಮನೆಯಿಂದಲೂ ಬರಿ ಹೊಟ್ಟೆಯಲ್ಲೇ ವಾಪಸ್ ಬರುತ್ತಿದ್ದರು. ಆ ಡ್ರೈವರ್ ಬಂದು ಹೋದ ಕೆಲವು ದಿನಕ್ಕೆ, ಒಂದು ಬೆಳಗ್ಗೆ ಒಳಗೆ ಅಮ್ಮ ಚಿಕ್ಕಪ್ಪ ಇಬ್ಬರೂ ಕೆಲಸದಲ್ಲಿದ್ದಾಗ, ತಾತ ಜಗಲಿಯಿಂದ ನನ್ನನ್ನು ಸನ್ನೆ ಮಾಡಿ ಕರೆದರು.

"ಪುಟ್ಟಿ, ಚಪ್ಲಿ ಆಕ್ಕೊ. ನಿಮ್ಮಪ್ಪ ದಿನಾ ತಿಂದ್ ಬತ್ತಾನಲ್ಲ, ಮಸಾಲೆ ದೋಸೆ, ಅದೆಲ್ ಕೊಡ್ತಾರೆ?"

ರೈಲ್ವೆ ಗೇಟಿನ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋದೆ. ತಾತ ಬೆಂಚಿನ ತುದಿಯಲ್ಲಿ, ಯಾರೋ ಎಬ್ಬಿಸಬಹುದು ಎನ್ನುವ ಹಾಗೆ ಕೂತರು. ದೋಸೆ ಬಂದಾಗ ಅದನ್ನು ಎಲ್ಲಿಂದ ಶುರು ಮಾಡಬೇಕೆಂದು ನನ್ನ ತಟ್ಟೆ ನೋಡಿ ತಿಳಿದುಕೊಂಡರು. ಮೊದಲ ತುತ್ತನ್ನು ನಿಧಾನವಾಗಿ ಅಗಿದು ನುಂಗಿದರು. ಆಮೇಲೆ ಪೂರ್ತಿ ತಿಂದು, ಮಾಡಿದವನನ್ನು ಕರೆಯಲು ಹೇಳಿದರು. ಭಟ್ಟ ಬನಿಯನ್ನಿನಲ್ಲೇ ಬೆವರು ಒರೆಸಿಕೊಳ್ಳುತ್ತ ಬಂದ.

"ಯಾಕ್ ತಾತ, ಚೆನ್ನಾಗಿರ್ಲಿಲ್ವಾ?"

"ಒಳ್ಳೇ ಮನಸಲ್ ಮಾಡಿದೀಯ ಕಣಪ್ಪ."

"ಮನಸಲ್ಲ ತಾತ, ಬೆಣ್ಣೆ."

"ಅಂಗಾದ್ರೆ ಇನ್ನೊಂದು ಆಕು."

ಹೊರಗೆ ಬಂದಾಗ ಗೇಟು ಬಿದ್ದಿತ್ತು. ಸೈಕಲ್ಲುಗಳು, ಎಮ್ಮೆಗಳು, ಒಂದು ಹಾಲಿನ ವ್ಯಾನು, ಎಲ್ಲ ನಿಂತಿದ್ದವು. ಗುಂಪಿನಲ್ಲಿದ್ದ ಒಬ್ಬ ತಾತನನ್ನು ಗುರುತು ಹಿಡಿದು, ಪಕ್ಕೆಯ ಮೇಲೆ ಕೈ ಇಟ್ಟುಕೊಂಡು ಹತ್ತಿರ ಬಂದ. ಸರ್ಪಸುತ್ತು ಬರೆಯುವವರು ನೀವೇ ಅಲ್ಲವೇ ಎಂದು ಕೇಳಿದ.

"ನಾನಲ್ಲ ಕಣಪ್ಪ" ಎಂದರು ತಾತ. "ಅಗೋ, ಆ ಬೇವಿನ್ ಮರದ್ ಮನೆ. ನನ್ ಸೊಸೆ ಅವ್ಳೆ, ನನ್ ಮಗ ಅವ್ನೆ. ಓಗು, ಇಬ್ರೂ ಅವ್ರೆ."

ಅವನು ಹೊರಟ. ಅವನು ಬೇವಿನ ಮರದ ಕಡೆಗೆ ತಿರುಗುವ ತನಕ ತಾತ ನೋಡುತ್ತಿದ್ದರು, ಹಿಂದೆ ಹೋಗಲಿಲ್ಲ. ಯಲಹಂಕದ ಕಡೆಯ ರೈಲು ಕೂಗುತ್ತ ಬಂತು. ಕಿಟಕಿಗಳಲ್ಲಿದ್ದವರಿಗೆ ನಾನು ಕೈಬೀಸಿದೆ, ತಾತನೂ ಬೀಸಿದರು. ಕೊನೆಯ ಡಬ್ಬಿ ದಾಟಿ, ಗೇಟು ಎದ್ದು, ಸೈಕಲ್ಲು ಎಮ್ಮೆಗಳೆಲ್ಲ ಹೊರಟ ಮೇಲೂ ತಾತ ಗೇಟಿನ ಪಕ್ಕದ ಕಂಬಕ್ಕೆ ಒರಗಿಕೊಂಡು ಹಾಗೇ ನಿಂತಿದ್ದರು. ಮನೆಗೆ ಹೋಗಲ್ವಾ ತಾತ ಎಂದು ಕೈ ಎಳೆದೆ.

"ಇರು ಪುಟ್ಟಿ, ಏನವಸರ" ಎಂದರು. "ಇನ್ನೊಂದು ಬತ್ತದೇನೋ ನೋಡಾನ."